ಊದಿಕೊಂಡ ಕೈಕಾಲಿಗೆ ನಿಮ್ಮ ಆಸ್ಪತ್ರೆಯಲ್ಲಿ ಎಷ್ಟನೇ ನಂಬರ್ ರೂಮು?

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ, ಜೊತೆಗೆ ಇದನ್ನು ಓದುವ ನಮ್ಮ ಊರಿನವರೆಲ್ಲರಿಗೂ,

ನಮಸ್ಕಾರ.

ನಾನು ಉಡುಪಿ ಹತ್ತಿರ ಸಣ್ಣದೊಂದು ಕ್ಲಿನಿಕ್ ನಡೆಸುವ ಫಿಸಿಯೋಥೆರಪಿಸ್ಟ್. ಮಂಡಿನೋವು, ಸೊಂಟನೋವು, ಪಾರ್ಶ್ವವಾಯು ಆದವರನ್ನು ಮತ್ತೆ ನಡೆಸುವುದು, ಇದೇ ನನ್ನ ದಿನದ ಕೆಲಸ. ಆದರೆ ಕೆಲವು ವರ್ಷಗಳಿಂದ ಬೇರೆ ಥರದವರು ಜಾಸ್ತಿ ಬರುತ್ತಿದ್ದಾರೆ. ಒಂದು ಕೈ ಮಾತ್ರ ಊದಿಕೊಂಡವರು, ಒಂದು ಕಾಲು ಮಾತ್ರ ಊದಿಕೊಂಡವರು. ಜೊತೆಗೆ ದಪ್ಪದೊಂದು ಫೈಲು ಇರುತ್ತದೆ. ಅದರಲ್ಲಿ ಎಕೋ ಇರುತ್ತದೆ, ಕಿಡ್ನಿ ಟೆಸ್ಟ್ ಇರುತ್ತದೆ, ಥೈರಾಯ್ಡ್ ಇರುತ್ತದೆ, ಕಾಲಿನ ಡಾಪ್ಲರ್ ಇರುತ್ತದೆ. ಎಲ್ಲ ನಾರ್ಮಲ್. ಎಲ್ಲ ನಾರ್ಮಲ್ ಆದರೆ ಕಾಲು ಯಾಕೆ ಚಪ್ಪಲಿಗೆ ಹೋಗುತ್ತಿಲ್ಲ, ಕೈ ಯಾಕೆ ರವಿಕೆ ತೋಳಿನಲ್ಲಿ ಹಿಡಿಸುತ್ತಿಲ್ಲ ಅಂತ ಕೇಳಿದರೆ ಉತ್ತರ ಕೊಡುವವರಿಲ್ಲ. ಕೊನೆಗೆ ಯಾರೋ ಒಬ್ಬರು ಚೀಟಿಯಲ್ಲಿ ‘ಫಿಸಿಯೋ ಹತ್ತಿರ ತೋರಿಸಿ’ ಅಂತ ಬರೆದಿರುತ್ತಾರೆ, ಅದೂ ಎರಡು ಮೂರು ವರ್ಷ ಕಳೆದ ಮೇಲೆ.

ನನ್ನ ಬೇಡಿಕೆ ಒಂದೇ, ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನ ವೆನ್‌ಲಾಕ್ ಜಿಲ್ಲಾಸ್ಪತ್ರೆ ಇರಲಿ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ ಇರಲಿ, ಕುಂದಾಪುರ, ಕಾರ್ಕಳ, ಪುತ್ತೂರು, ಸುಳ್ಯದ ತಾಲ್ಲೂಕು ಆಸ್ಪತ್ರೆಗಳಿರಲಿ, ವಾರಕ್ಕೆ ಒಂದು ದಿನ ಊತದವರಿಗೆ ಅಂತಲೇ ಒಂದು ರೂಮು ಬೇಕು. ಹೊರಗೆ ಬೋರ್ಡು ಬೇಕು. ಎಲ್ಲಾದರೂ ಈಗಾಗಲೇ ಅಂಥದ್ದು ಇದ್ದರೆ ಬಹಳ ಸಂತೋಷ. ಹಾಗಿದ್ದರೆ ಬೋರ್ಡನ್ನು ಸ್ವಲ್ಪ ದೊಡ್ಡದು ಮಾಡಿಸಿ, ಯಾಕೆಂದರೆ ನನ್ನ ಬಳಿ ಬರುವ ಯಾರಿಗೂ ಅದು ಗೊತ್ತಿಲ್ಲ.

ಇದು ಯಾಕೆ ಬೇಕು ಅಂತ ಹೇಳುವುದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ನಿಮಗೆ ಗೊತ್ತಿರುವುದೇ, ಆದರೆ ಓದುವ ಉಳಿದವರಿಗಾಗಿ.

ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೋಟಕ್ಕೆ ನೀರು ತರುವ ಪೈಪು ಬೇರೆ, ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ತೋಡು ಬೇರೆ. ಪಂಪು ಎಷ್ಟೇ ಚೆನ್ನಾಗಿರಲಿ, ಆಟಿ ತಿಂಗಳ ಮಳೆಯಲ್ಲಿ ತೋಡು ಮುಚ್ಚಿಕೊಂಡರೆ ಗಿಡದ ಬುಡ ಕೊಳೆಯುತ್ತದೆ. ನಮ್ಮ ದೇಹದಲ್ಲಿ ರಕ್ತನಾಳಗಳು ಪೈಪು, ಲಿಂಫ್ ನಾಳಗಳು ತೋಡು. ಅತಿ ಸಣ್ಣ ರಕ್ತನಾಳಗಳಿಂದ ದಿನಾ ಕೆಲವು ಲೀಟರ್ ನೀರು ಪ್ರೋಟೀನಿನ ಸಮೇತ ಹೊರಗೆ ಜಿನುಗುತ್ತದೆ. ಅದನ್ನು ಎತ್ತಿಕೊಂಡು ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವುದು ಲಿಂಫ್ ನಾಳಗಳು. ಪುಸ್ತಕದ ಭಾಷೆಯಲ್ಲಿ ದುಗ್ಧರಸ ನಾಳ. ಇವಕ್ಕೆ ಹೃದಯ ಇಲ್ಲ. ಒಳಗೆ ಸಣ್ಣ ಸಣ್ಣ ಕವಾಟಗಳಿವೆ, ನಾಳದ ಗೋಡೆಯೇ ಹಿಂಡಿ ಹಿಂಡಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ನಾವು ನಡೆದರೆ, ಕೈ ಆಡಿಸಿದರೆ, ದೀರ್ಘ ಉಸಿರು ತೆಗೆದರೆ ಅದಕ್ಕೆ ಸಹಾಯ. ಈ ತೋಡು ಕೆಟ್ಟರೆ ನೀರು ಅಲ್ಲೇ ನಿಂತು ಕೈಯೋ ಕಾಲೋ ಊದುತ್ತದೆ, ಅದೇ ಲಿಂಫ್ ಊತ.

ವಿಜ್ಞಾನಿಗಳೇ ಇದನ್ನು ಬಹಳ ಕಾಲ ಅಷ್ಟಾಗಿ ಗಮನಿಸಲಿಲ್ಲ, ಹಾಗಾಗಿ ಆಸ್ಪತ್ರೆಗಳನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಇಟಲಿಯ ಗಾಸ್ಪಾರೆ ಅಸೆಲ್ಲಿ ಆಗಷ್ಟೇ ಊಟ ಮಾಡಿದ ನಾಯಿಯ ಹೊಟ್ಟೆಯಲ್ಲಿ ಬಿಳಿ ಗೆರೆಗಳನ್ನು ಕಂಡಿದ್ದು 1622ರಲ್ಲಿ. ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಅಂತ ಪುಸ್ತಕ ಬರೆದದ್ದು 1628ರಲ್ಲಿ. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಸುದ್ದಿ. ಆದರೆ ಹಾರ್ವೆಯ ಹೆಸರು ನಮ್ಮ ಹೈಸ್ಕೂಲು ಮಕ್ಕಳಿಗೂ ಗೊತ್ತು, ಅಸೆಲ್ಲಿ ಹೆಸರು ನನಗೇ ಡಿಗ್ರಿ ಮುಗಿದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಲಿಂಫ್ ನಾಳಕ್ಕೆ ‘ಬೆಳೆ’ ಅಂತ ಹೇಳುವ ಪ್ರೋಟೀನು ಸಿಕ್ಕಿದ್ದು 1996ರಲ್ಲಿ, ಫಿನ್ಲೆಂಡಿನ ಕಾರಿ ಅಲಿತಾಲೊ ಅವರ ಲ್ಯಾಬಿನಲ್ಲಿ. ಮೆದುಳಿನ ಹೊದಿಕೆಯಲ್ಲೂ ಲಿಂಫ್ ನಾಳ ಇದೆ ಅಂತ ಇಲಿಗಳಲ್ಲಿ ಖಚಿತವಾಗಿ ತೋರಿಸಿದ್ದು 2015ರಲ್ಲಿ. ನಿನ್ನೆ ಮೊನ್ನೆ ಅನ್ನಬೇಕು.

ಈಗ ನಾಳಗಳು ಬೆಳೆಯುವ ವಿಷಯ. ದೊಡ್ಡವರ ದೇಹದಲ್ಲಿ ನಾಳಗಳು ಸಾಮಾನ್ಯವಾಗಿ ಹೊಸದಾಗಿ ಬೆಳೆಯುವುದಿಲ್ಲ. ಗಾಯ ಮಾಯುವಾಗ ಬೆಳೆಯುತ್ತವೆ, ಹೆಂಗಸರ ಗರ್ಭಕೋಶದಲ್ಲಿ ತಿಂಗಳು ತಿಂಗಳು ಬೆಳೆಯುತ್ತವೆ, ಬಸುರಿಯಲ್ಲಿ ಮಾಸು ಬೆಳೆಯುವಾಗ ಬೆಳೆಯುತ್ತವೆ. ಬಾಕಿ ಸಮಯ ಸುಮ್ಮನೆ ಇರುತ್ತವೆ. ಯಾವುದೋ ಜಾಗಕ್ಕೆ ಆಮ್ಲಜನಕ ಸಾಲದಾದಾಗ ಅಲ್ಲಿನ ಜೀವಕೋಶಗಳು ವಿಇಜಿಎಫ್ ಅನ್ನುವ ಪ್ರೋಟೀನನ್ನು ಬಿಡುತ್ತವೆ, ಪಕ್ಕದ ರಕ್ತನಾಳ ಆ ಕಡೆ ಚಿಗುರುತ್ತದೆ. ಜೀವಕೋಶಕ್ಕೆ ಆಮ್ಲಜನಕ ಕಡಿಮೆ ಆದದ್ದು ಹೇಗೆ ಗೊತ್ತಾಗುತ್ತದೆ ಅಂತ ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಲಿಂಫ್ ನಾಳಕ್ಕೂ ಇದೇ ಕುಟುಂಬದ ಪ್ರೋಟೀನು, ವಿಇಜಿಎಫ್-ಸಿ. 1996ರದ್ದು ಅಂದೆನಲ್ಲ, ಅದು.

ಕಷ್ಟ ಶುರುವಾಗುವುದು ಬೇಡದ ಜಾಗದಲ್ಲಿ ಬೆಳೆದಾಗ, ಇಲ್ಲವೇ ಬೇಕಾದ ಜಾಗದಲ್ಲಿ ಬೆಳೆಯದಿದ್ದಾಗ.

ಬೇಡದ ಜಾಗ ಅಂದರೆ ಮೊದಲು ಕ್ಯಾನ್ಸರ್. ಬೋಸ್ಟನ್‌ನ ಸರ್ಜನ್ ಜುಡಾ ಫೋಕ್‌ಮನ್ 1971ರಲ್ಲಿ ಒಂದು ಮಾತು ಬರೆದರು. ಗೆಡ್ಡೆ ತನಗೆ ಬೇಕಾದ ರಕ್ತನಾಳವನ್ನು ತಾನೇ ಕರೆಸಿಕೊಳ್ಳುತ್ತದೆ, ಕರೆಸಿಕೊಳ್ಳದಿದ್ದರೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು, ಆದ್ದರಿಂದ ಆ ನಾಳಗಳನ್ನೇ ತಡೆಯೋಣ. ಬಹಳ ಜನ ಒಪ್ಪಲಿಲ್ಲ. 2004ರಲ್ಲಿ ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಗೆ ಕ್ಯಾನ್ಸರ್ ಮುಗಿಯಿತು ಅಂತ ತಿಳಿಯಬೇಡಿ. ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಕೀಮೋ ಜೊತೆ ಇದನ್ನು ಸೇರಿಸಿದಾಗ ಹದಿನೈದು ಹದಿನಾರು ತಿಂಗಳು ಇದ್ದ ಆಯಸ್ಸು ಇಪ್ಪತ್ತು ತಿಂಗಳ ಹತ್ತಿರಕ್ಕೆ ಹೋಯಿತು. ಅಷ್ಟು. ಅದು ಸಣ್ಣದಲ್ಲ, ಪವಾಡವೂ ಅಲ್ಲ. ಒಂದು ದಾರಿ ಮುಚ್ಚಿದರೆ ಗೆಡ್ಡೆ ಇನ್ನೊಂದು ಹುಡುಕುತ್ತದೆ. ‘ಕ್ಯಾನ್ಸರ್‌ಗೆ ರಕ್ತ ಹೋಗದಂತೆ ಮಾಡುವ ಕಷಾಯ’ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ಕಳಿಸುವವರು ಈ ಲೆಕ್ಕ ನೋಡಬೇಕು.

ಸ್ತನದ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಲಿಂಫ್ ನಾಳದ ದಾರಿಯಲ್ಲೇ, ಕಂಕುಳಿನ ಲಿಂಫ್ ಗಂಟುಗಳಿಗೆ, ಅಂದರೆ ಆ ದಾರಿಯಲ್ಲಿ ಲಿಂಫನ್ನು ಸೋಸುವ ಸಣ್ಣ ಗಂಟುಗಳಿಗೆ. ಹಾಗಾಗಿ ಸರ್ಜನ್ ಆ ಗಂಟುಗಳನ್ನು ತೆಗೆಯುತ್ತಾರೆ. ತೆಗೆಯಲೇಬೇಕಾದ ಕಡೆ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೈಯ ನೀರು ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ದೇಹ ಹೊಸ ಲಿಂಫ್ ನಾಳ ಬೆಳೆಸಲು ನೋಡುತ್ತದೆ, ಕೆಲವರಲ್ಲಿ ಸಾಕಷ್ಟು ಬೆಳೆಯುತ್ತದೆ, ಕೆಲವರಲ್ಲಿ ಗಾಯ ಮಾಯ್ದು ಗಟ್ಟಿಯಾದ ಕಲೆಯಿಂದ, ರೇಡಿಯೇಷನ್‌ನಿಂದ ದಾರಿ ತೆರೆದುಕೊಳ್ಳುವುದೇ ಇಲ್ಲ. ಕಂಕುಳಿನ ಗಂಟುಗಳನ್ನು ಪೂರ್ತಿ ತೆಗೆದ ಐವರಲ್ಲಿ ಸುಮಾರು ಒಬ್ಬರಿಗೆ ಕೈ ಊದುತ್ತದೆ. ಮೊದಲ ಗಂಟನ್ನು ಮಾತ್ರ ತೆಗೆದು ಪರೀಕ್ಷೆ ಮಾಡಿ ನಿಲ್ಲಿಸಿದರೆ ಅದು ನೂರರಲ್ಲಿ ಐದಾರು ಜನಕ್ಕೆ ಇಳಿಯುತ್ತದೆ. ಇದು ಎಲ್ಲ ಸರ್ಜನ್‌ಗಳಿಗೂ ಗೊತ್ತಿರುವ ಲೆಕ್ಕ.

ಗೊತ್ತಿಲ್ಲದಿರುವುದು ಕ್ಯಾನ್ಸರ್ ಆದವರಿಗೆ. ನನ್ನ ಬಳಿ ಬರುವ ಒಬ್ಬ ಅಕ್ಕ ಬೀಡಿ ಕಟ್ಟುತ್ತಾರೆ. ಆಪರೇಷನ್ ಆಗಿ ಒಂದು ವರ್ಷಕ್ಕೆ ಬಲಗೈ ಭಾರ ಅನ್ನಿಸಲು ಶುರುವಾಯಿತಂತೆ. ಬಳೆ ಬಿಗಿಯಾಯಿತು. ಚೆಕಪ್‌ಗೆ ಹೋದಾಗ ಹೇಳಿದರೆ ‘ಆಪರೇಷನ್ ಆದ ಮೇಲೆ ಅದೆಲ್ಲ ಇರುತ್ತದೆ’ ಅಂದರಂತೆ. ಆಮೇಲೆ ಯಾರೋ ನೀರಿನ ಮಾತ್ರೆ ಕೊಟ್ಟರು. ಸರ್, ಲಿಂಫ್ ಊತಕ್ಕೆ ನೀರಿನ ಮಾತ್ರೆ ನಾಟುವುದಿಲ್ಲ. ಮೂತ್ರದಲ್ಲಿ ಹೋಗುವುದು ನೀರು ಮಾತ್ರ, ಪ್ರೋಟೀನು ಕೈಯಲ್ಲೇ ಉಳಿಯುತ್ತದೆ, ಉಳಿದ ಪ್ರೋಟೀನು ಮತ್ತೆ ನೀರನ್ನು ಎಳೆಯುತ್ತದೆ. ಇನ್ಯಾರೋ ‘ಆ ಕೈಯಲ್ಲಿ ಕೊಡಪಾನ ಎತ್ತಬೇಡಿ, ಏನೂ ಮಾಡಬೇಡಿ’ ಅಂದರು. ಏನೂ ಮಾಡದೆ ಇದ್ದು ಇದ್ದು ಭುಜ ಗಟ್ಟಿಯಾಯಿತು. 2009ರಲ್ಲೇ ಅಮೆರಿಕದ ಒಂದು ಪ್ರಯೋಗದಲ್ಲಿ ಕೈ ಊದಿದ ಹೆಂಗಸರು ಒತ್ತಡದ ತೋಳು, ಅಂದರೆ ಕೈಯನ್ನು ಬಿಗಿಯಾಗಿ ಹಿಡಿಯುವ ಚೀಲ, ಹಾಕಿಕೊಂಡು, ನಿಧಾನವಾಗಿ ಏರಿಸುತ್ತಾ, ಒಂದು ವರ್ಷ ತೂಕ ಎತ್ತಿದರು. ಊತ ಜಾಸ್ತಿ ಆಗಲಿಲ್ಲ, ಕೈ ಇದ್ದಕ್ಕಿದ್ದಂತೆ ಕೆಡುವುದು ಕಡಿಮೆಯೇ ಆಯಿತು. ನಮ್ಮಲ್ಲಿ ಇನ್ನೂ ‘ಎತ್ತಬೇಡಿ’ ನಡೆಯುತ್ತಿದೆ. ಬೀಡಿ ಕಟ್ಟುವ ಕೈಯನ್ನು ಆಡಿಸಬೇಡ ಅಂದರೆ ಮನೆ ನಡೆಯುವುದು ಹೇಗೆ, ಹೇಳಿ.

ಇದರಲ್ಲಿ ಸಿಟ್ಟು ಬರುವ ವಿಷಯ ಏನೆಂದರೆ, ಶುರುವಿನಲ್ಲಿ ಹಿಡಿದರೆ ಖರ್ಚು ಬಹಳ ಕಡಿಮೆ. ಮೊದಮೊದಲು ಊತ ಮೆತ್ತಗಿರುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಕೈ ಎತ್ತಿ ಮಲಗಿದರೆ ಬೆಳಗ್ಗೆಗೆ ಇಳಿದಿರುತ್ತದೆ. ಆಗ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ, ಒತ್ತಡದ ತೋಳು, ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಒಳಗೆ ಕೊಬ್ಬು ತುಂಬುತ್ತದೆ, ನಾರು ಬೆಳೆಯುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಆಮೇಲೆ ನಾನು ಎಷ್ಟು ಬ್ಯಾಂಡೇಜ್ ಸುತ್ತಿದರೂ ಅರ್ಧಕ್ಕರ್ಧ ಇಳಿಯುವುದೂ ಕಷ್ಟ. ಈ ಶುರುವಿನ ಊತವನ್ನು ಹಿಡಿಯಲು ಬೇಕಾದದ್ದು ಟೈಲರ್ ಅಂಗಡಿಯ ಟೇಪು. ಆಪರೇಷನ್‌ಗೆ ಮೊದಲು ಎರಡೂ ಕೈಯ ಸುತ್ತಳತೆಯನ್ನು ನಾಲ್ಕೈದು ಕಡೆ ಅಳೆದು ಕೇಸ್ ಶೀಟಿನಲ್ಲಿ ಬರೆಯಿರಿ. ಆಮೇಲೆ ಪ್ರತಿ ಚೆಕಪ್‌ನಲ್ಲೂ ಅಳೆಯಿರಿ. ಎರಡು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಫಿಸಿಯೋಗೆ ಕಳಿಸಿ. ಅಳೆಯಲು ನರ್ಸ್‌ಗೆ ಐದು ನಿಮಿಷ ಸಾಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಕೈ ಭಾರ ಅನ್ನಿಸಿದರೆ, ಬಳೆ ಬಿಗಿಯಾದರೆ, ಕೆಂಪಾಗಿ ಜ್ವರ ಬಂದರೆ ತಕ್ಷಣ ಬನ್ನಿ’ ಅಂತ ಕನ್ನಡದಲ್ಲಿ ಮೂರು ಸಾಲು. ಊತ ಆಪರೇಷನ್ ಆಗಿ ಹಲವು ವರ್ಷದ ಮೇಲೂ ಬರಬಹುದು, ಅದನ್ನೂ ಬರೆಯಿರಿ.

ಇನ್ನು ಕಾಲಿನ ವಿಷಯ. ಮಂಗಳೂರಿನಲ್ಲಿ ಸೊಳ್ಳೆ ಅಂದರೆ ಈಗ ಮಲೇರಿಯಾ, ಡೆಂಗಿ ಅಷ್ಟೇ ನೆನಪಾಗುವುದು. ಆದರೆ ನಮ್ಮ ಕರಾವಳಿಯ ಜಿಲ್ಲೆಗಳು ಆನೆಕಾಲಿನ ಪಟ್ಟಿಯಲ್ಲೂ ಇದ್ದವು. ರಾತ್ರಿ ಹತ್ತರ ಮೇಲೆ ಮನೆಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದ ಆರೋಗ್ಯ ಸಿಬ್ಬಂದಿಯನ್ನು ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆನೆಕಾಲು ತರುವುದು ಒಂದು ಹುಳ. ಆ ಹುಳದ ಮರಿಗಳು ರಕ್ತದಲ್ಲಿ ಓಡಾಡುವುದು ರಾತ್ರಿ ಹೊತ್ತು, ಅದಕ್ಕೇ ಆ ಹೊತ್ತಿಗೆ ಬರುತ್ತಿದ್ದರು. ಹರಡುವುದು ಚರಂಡಿ, ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ. ದೊಡ್ಡ ಹುಳಗಳು ವರ್ಷಗಟ್ಟಲೆ ಲಿಂಫ್ ನಾಳದೊಳಗೇ ಬದುಕುತ್ತವೆ. ಅವು ಸುಮ್ಮನೆ ದಾರಿಗೆ ಅಡ್ಡ ಕೂರುವುದಿಲ್ಲ. ನಾಳವೇ ಅಗಲವಾಗುತ್ತಾ ಹೋಗುತ್ತದೆ, ಕವಾಟಗಳು ಕೆಡುತ್ತವೆ, ಹಿಂಡುವ ಶಕ್ತಿ ಹೋಗುತ್ತದೆ. ಇಲ್ಲಿ ನಾಳ ಬೆಳೆದಿದೆ, ಆದರೆ ಕೆಲಸಕ್ಕೆ ಬಾರದ ಹಾಗೆ ಬೆಳೆದಿದೆ.

ಸರ್ಕಾರ ಈ ರೋಗದ ಮೇಲೆ ಒಳ್ಳೆಯ ಕೆಲಸ ಮಾಡಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಡಿಇಸಿ ಮಾತ್ರೆ ಮನೆಮನೆಗೆ ತಂದು ಎದುರಿಗೇ ನುಂಗಿಸಿದ್ದಾರೆ. 2027ರೊಳಗೆ ದೇಶದಿಂದಲೇ ಇದನ್ನು ತೊಲಗಿಸುವ ಗುರಿ ಇದೆ. ಆದರೆ ಆ ಮಾತ್ರೆ ಹುಳದ ಮರಿಗಳನ್ನು ಕೊಲ್ಲುತ್ತದೆ, ಹರಡುವುದನ್ನು ನಿಲ್ಲಿಸುತ್ತದೆ. ಈಗಾಗಲೇ ಊದಿದ ಕಾಲನ್ನು ಸಣ್ಣ ಮಾಡುವುದಿಲ್ಲ. ಜಿಲ್ಲೆಗೆ ‘ಹರಡುವುದು ನಿಂತಿದೆ’ ಅಂತ ಸರ್ಟಿಫಿಕೇಟ್ ಸಿಕ್ಕ ದಿನವೂ ಆ ಕಾಲು ಹಾಗೇ ಇರುತ್ತದೆ. ಅವರಲ್ಲಿ ಹೆಚ್ಚಿನವರು ಈಗ ಅರವತ್ತು ದಾಟಿದವರು. ಮದುವೆ ಮನೆಗೆ ಹೋಗುವುದಿಲ್ಲ, ಬಸ್ಸಿನಲ್ಲಿ ಸೀಟಿನಡಿಗೆ ಕಾಲು ಮುಚ್ಚಿಕೊಂಡು ಕೂರುತ್ತಾರೆ, ನನ್ನ ಕ್ಲಿನಿಕ್‌ಗೆ ಬರುವುದೂ ಸಂಜೆ ಕತ್ತಲಾದ ಮೇಲೆ.

ಈ ಕಾಲಿಗೆ ಬೇಕಾಗಿರುವುದು ಒಂದು ಟಬ್ಬು, ಚೊಂಬು, ಸೋಪು, ಟವೆಲು, ಬೆರಳ ಸಂದಿಗೆ ಹಚ್ಚುವ ಫಂಗಸ್ ಮುಲಾಮು. ಸರ್ಕಾರದ ಕಾರ್ಯಕ್ರಮದಲ್ಲೇ ಈ ಕಿಟ್ ಇದೆ, ನಾನೇನು ಹೊಸದು ಹೇಳುತ್ತಿಲ್ಲ. ಕಾಲು ದೊಡ್ಡದಾಗುತ್ತಾ ಹೋಗುವುದಕ್ಕೆ ಹುಳ ಮಾತ್ರ ಕಾರಣ ಅಲ್ಲ. ನಮ್ಮ ಮಳೆಗಾಲದಲ್ಲಿ ಬೆರಳ ಸಂದಿ ಯಾವಾಗಲೂ ಒದ್ದೆ. ಗದ್ದೆಯಲ್ಲಿ ನಿಂತವರದ್ದೂ, ಮಲ್ಪೆ ಬಂದರಿನಲ್ಲಿ ಐಸು ನೀರಿನಲ್ಲಿ ನಿಂತು ಮೀನು ಬೇರೆ ಮಾಡುವವರದ್ದೂ ಒಂದೇ ಕಥೆ. ಚರ್ಮ ಒಡೆಯುತ್ತದೆ, ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಚಳಿ ಜ್ವರ ಬಂದು ಕಾಲು ಕೆಂಪಾಗಿ ಉರಿಯುತ್ತದೆ. ಒಂದೊಂದು ಸಲ ಹೀಗಾದಾಗಲೂ ಉಳಿದಿದ್ದ ಲಿಂಫ್ ನಾಳಗಳಲ್ಲಿ ಇನ್ನಷ್ಟು ಹಾಳಾಗುತ್ತವೆ, ಕಾಲು ಇನ್ನಷ್ಟು ಊದುತ್ತದೆ. ದಿನಾ ತೊಳೆದು, ಬೆರಳ ಸಂದಿ ಒರೆಸಿ, ಒಣಗಿಸಿ, ಕಾಲು ಎತ್ತಿಟ್ಟು, ಪಾದ ಆಡಿಸಿ, ಚಪ್ಪಲಿ ಹಾಕಿದರೆ ಈ ಜ್ವರ ಬರುವುದೇ ಕಡಿಮೆಯಾಗುತ್ತದೆ. ಜ್ವರ ಬಂದಾಗ ಬಿಸಿ ಶಾಖ ಕೊಡಬೇಡಿ, ಬ್ಯಾಂಡೇಜ್ ಸುತ್ತಬೇಡಿ. ತಣ್ಣೀರಿನ ಬಟ್ಟೆ, ವಿಶ್ರಾಂತಿ, ಡಾಕ್ಟ್ರ ಹತ್ತಿರ ಹೋಗಿ ಔಷಧಿ.

ಬಕೆಟ್ ಕೊಟ್ಟು ಫೋಟೋ ತೆಗೆದು ಹೋದರೆ ಮಾತ್ರ ಇದು ಆಗುವುದಿಲ್ಲ. ತೊಳೆಯುವುದನ್ನು ಪಕ್ಕದಲ್ಲಿ ಕೂತು ತೋರಿಸಬೇಕು, ಮುಂದಿನ ವಾರ ಮತ್ತೆ ನೋಡಬೇಕು. ಅದಕ್ಕೇ ರೂಮು ಬೇಕು ಅನ್ನುತ್ತಿರುವುದು. ಗಡಿ ದಾಟಿ ಕಾಸರಗೋಡಿಗೆ ಹೋದರೆ ಅಲ್ಲಿ ಅನ್ವಯಿಕ ಚರ್ಮಶಾಸ್ತ್ರದ ಸಂಸ್ಥೆಯೊಂದು ಆನೆಕಾಲಿಗೆ ಆಯುರ್ವೇದ, ಯೋಗ, ಅಲೋಪತಿ, ಬ್ಯಾಂಡೇಜ್ ಎಲ್ಲ ಸೇರಿಸಿದ ಚಿಕಿತ್ಸೆ ನಡೆಸಿ ಹೊರದೇಶಗಳಲ್ಲೂ ಹೆಸರು ಮಾಡಿದೆ. ಮಂಗಳೂರಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಆದರೆ ಬೈಂದೂರಿನಲ್ಲಿರುವ ಒಬ್ಬ ಅಜ್ಜಿ ಆ ಕಾಲು ಇಟ್ಟುಕೊಂಡು ಕಾಸರಗೋಡಿಗೆ ಹೋಗಿ ಬರುವುದು ಸುಮ್ನೆ ಮಾತಲ್ಲ ಅಲ್ವಾ. ನಿಮ್ಮ ಸಿಬ್ಬಂದಿಯಲ್ಲಿ ನಾಲ್ಕು ಜನರನ್ನು ಅಂಥ ಕಡೆ ಕಳಿಸಿ, ಕಲಿತುಕೊಂಡು ಬರಲಿ.

ಮನೆಯಲ್ಲಿರುವವರಿಗೆ ಒಂದೆರಡು ಮಾತು. ಕಾಲಿನ ಹೆಬ್ಬೆರಳ ಪಕ್ಕದ ಬೆರಳಿನ ಬುಡದಲ್ಲಿ ಚರ್ಮವನ್ನು ಚಿವುಟಿ ಮೇಲೆತ್ತಿ ನೋಡಿ. ಎತ್ತಲು ಬರದಷ್ಟು ದಪ್ಪ ಆಗಿದ್ದರೆ ಲಿಂಫ್ ಊತ ಇರುವ ಸಾಧ್ಯತೆ ಜಾಸ್ತಿ. ಎರಡೂ ಕಾಲು ಒಟ್ಟಿಗೆ ಊದಿದರೆ ಹೃದಯ, ಕಿಡ್ನಿ, ಲಿವರ್ ನೋಡಿಸಬೇಕು. ಒಂದೇ ಕಾಲು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ನನ್ನಂಥವರ ಹತ್ತಿರ ಬಂದು ತಿಕ್ಕಿಸಿಕೊಳ್ಳಬೇಡಿ. ತಿಕ್ಕುವುದು ಅಂದಾಗ ನೆನಪಾಯಿತು. ಊದಿದ ಕೈಕಾಲಿಗೆ ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜುವವರು ನಮ್ಮಲ್ಲಿ ಬಹಳ ಇದ್ದಾರೆ. ಬೇಡ. ಲಿಂಫ್ ನಾಳದ ಮಸಾಜ್ ಚರ್ಮವನ್ನು ಮೆಲ್ಲಗೆ ಸರಿಸುವಷ್ಟು ಹಗುರ ಇರಬೇಕು. ಮಂಗಳೂರಿನ ಬ್ಯೂಟಿ ಪಾರ್ಲರುಗಳಲ್ಲಿ ಈಗ ‘ಲಿಂಫ್ಯಾಟಿಕ್ ಡ್ರೈನೇಜ್, ದೇಹದ ವಿಷ ಹೊರಗೆ’ ಅಂತ ಸಾವಿರಗಟ್ಟಲೆ ತೆಗೆದುಕೊಳ್ಳುತ್ತಾರಂತೆ. ಆರೋಗ್ಯವಾಗಿರುವವರ ಲಿಂಫ್ ನಾಳಕ್ಕೆ ಬೀಚಿನಲ್ಲಿ ಅರ್ಧ ಗಂಟೆ ನಡೆದರೆ ಧಾರಾಳ ಸಾಕು ಮಾರಾಯ್ರೆ.

ಹುಟ್ಟಿದಾಗಲೇ ಪಾದ ಊದಿಕೊಂಡಿರುವ ಮಕ್ಕಳೂ ಇರುತ್ತಾರೆ. ಲಿಂಫ್ ನಾಳದ ಬೆಳವಣಿಗೆಯ ಸಂದೇಶವನ್ನು ಹಿಡಿದುಕೊಳ್ಳುವ ಜೀನ್‌ನಲ್ಲೇ ದೋಷ ಇದ್ದರೆ ಹೀಗಾಗುತ್ತದೆ. ಬಸುರಿ ಗ್ರಹಣ ನೋಡಿದ್ದಕ್ಕೆ ಆದದ್ದಲ್ಲ. ಆ ತಾಯಿಗೆ ಇದನ್ನು ಒಬ್ಬರು ಬಾಯಿಬಿಟ್ಟು ಹೇಳಿದರೂ ಅರ್ಧ ಭಾರ ಇಳಿಯುತ್ತದೆ.

ಈಗ ನಿಮ್ಮ ಎನ್‌ಸಿಡಿ ಕ್ಲಿನಿಕ್‌ಗೆ ಬರುತ್ತೇನೆ, ಬಿಪಿ ಶುಗರ್ ನೋಡುವ ಕಡೆಗೆ. ಇದು ನನ್ನ ಕ್ಷೇತ್ರ ಅಲ್ಲ, ಆದರೆ ನನ್ನ ಬಳಿ ಬರುವವರಲ್ಲಿ ಅರ್ಧ ಜನಕ್ಕೆ ಶುಗರ್ ಇದೆ, ಕಣ್ಣಾರೆ ನೋಡುತ್ತಿದ್ದೇನೆ. ಶುಗರ್ ಒಂದು ವಿಚಿತ್ರ ಕಾಯಿಲೆ. ಅದೇ ಮನುಷ್ಯನ ಕಣ್ಣಿನಲ್ಲಿ ಬೇಡದ ರಕ್ತನಾಳ ಬೆಳೆಯುತ್ತದೆ, ಕಾಲಿನಲ್ಲಿ ಬೇಕಾದ ರಕ್ತನಾಳ ಬೆಳೆಯುವುದಿಲ್ಲ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಸಣ್ಣ ನಾಳಗಳು ಮುಚ್ಚಿ ಆಮ್ಲಜನಕ ಸಾಲದಾಗುತ್ತದೆ, ವಿಇಜಿಎಫ್ ಏರುತ್ತದೆ, ಹೊಸ ನಾಳಗಳು ಚಿಗುರುತ್ತವೆ. ಆದರೆ ಅವು ದುರ್ಬಲ ನಾಳಗಳು. ಸೋರುತ್ತವೆ, ಒಡೆಯುತ್ತವೆ, ಒಂದು ದಿನ ಕಣ್ಣೊಳಗೆ ರಕ್ತ ಬಂದು ಕತ್ತಲಾಗುತ್ತದೆ. ಕಾಲಿನ ಗಾಯಕ್ಕೆ ಮಾತ್ರ ಹೊಸ ನಾಳ ಬರುವುದೇ ಇಲ್ಲ. ಗಾಯ ಮಾಯುವುದಿಲ್ಲ, ಬೆರಳು ಕಪ್ಪಾಗುತ್ತದೆ. ಹಾಗಾದರೆ ಕಾಲಿಗೆ ವಿಇಜಿಎಫ್ ಕೊಟ್ಟು ನಾಳ ಬೆಳೆಸಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಹೃದಯಕ್ಕೂ ಕಾಲಿಗೂ ಹಾಗೆ ಪ್ರಯತ್ನಗಳು ನಡೆದಿವೆ, ಅಂದುಕೊಂಡಷ್ಟು ಫಲ ಕೊಟ್ಟಿಲ್ಲ. ನಾಳ ಚಿಗುರಿಸುವುದು ಸುಲಭ, ಚಿಗುರಿದ ನಾಳ ಗಟ್ಟಿಯಾಗಿ ನಿಂತು ರಕ್ತ ಸಾಗಿಸುವಂತೆ ಮಾಡುವುದು ಕಷ್ಟ.

ಕಣ್ಣಿಗೆ ಮಾತ್ರ ಒಳ್ಳೆಯ ದಾರಿ ಇದೆ. ಲೇಸರ್ ಇದೆ. ಕ್ಯಾನ್ಸರ್‌ಗೆ ಬಂದ ಅದೇ ಬೆವಾಸಿಜುಮಾಬ್ ಔಷಧಿಯನ್ನು 2005ರಿಂದ ಕಣ್ಣಿನೊಳಗೆ ಸ್ವಲ್ಪವೇ ಸ್ವಲ್ಪ ಚುಚ್ಚುವುದು ಶುರುವಾಯಿತು. ಕಣ್ಣಿಗಾಗಿಯೇ ತಯಾರಾದ ರಾನಿಬಿಜುಮಾಬ್‌ಗೆ 2006ರಲ್ಲಿ ಒಪ್ಪಿಗೆ ಬಂತು, ಅದರ ಬೆಲೆ ಬಹಳ ಜಾಸ್ತಿ. ವಯಸ್ಸಾದವರ ಕಣ್ಣಿನ ಪರದೆ ಸವೆಯುವ ಕಾಯಿಲೆಯಲ್ಲಿ ಎರಡನ್ನೂ ಹೋಲಿಸಿ ನೋಡಿದ 2011ರ ದೊಡ್ಡ ಅಧ್ಯಯನದಲ್ಲಿ ದೃಷ್ಟಿಯ ಲಾಭ ಎರಡರಲ್ಲೂ ಒಂದೇ ಥರ ಇತ್ತು. ಜಿಲ್ಲಾ ಆಸ್ಪತ್ರೆಯ ಔಷಧಿ ಖರೀದಿ ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಆದರೆ ಇಂಜೆಕ್ಷನ್ ಒಂದು ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಬೇಕಾಗುತ್ತದೆ. ನೋಟ ಮಸುಕಾದ ಮೇಲೆ ಬಂದರೆ ತಡವಾಗಿರುತ್ತದೆ. ಶುಗರ್ ಇರುವವರ ಕಣ್ಣಿನ ಪರದೆಯ ಫೋಟೋ ವರ್ಷಕ್ಕೊಮ್ಮೆ ಆಗಲೇಬೇಕು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ.

ಇದೇ ಕಥೆ ಬೇಗ ಹುಟ್ಟಿದ ಮಕ್ಕಳಲ್ಲೂ. ಮಗುವಿನ ಕಣ್ಣಿನ ಪರದೆಯ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಏಳಕ್ಕೋ ಏಳೂವರೆಗೋ ಹುಟ್ಟಿದರೆ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ಅಡ್ಡಾದಿಡ್ಡಿ ಶುರುವಾಗುತ್ತದೆ, ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ಹೆಚ್ಚು ಆಮ್ಲಜನಕ ಕೊಟ್ಟದ್ದೂ ಇದಕ್ಕೆ ಕಾರಣ ಅಂತ 1950ರ ದಶಕದಲ್ಲಿ ಗೊತ್ತಾಯಿತು, ಅಷ್ಟರಲ್ಲಿ ಸಾವಿರಾರು ಮಕ್ಕಳು ಕಣ್ಣು ಕಳೆದುಕೊಂಡಿದ್ದರು. ನಮ್ಮ ದೇಶದ ನಿಯಮ ಸರಳ ಇದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ನೋಡಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕ್ಯಾಮೆರಾ ಹಿಡಿದು ಜಿಲ್ಲೆ ಜಿಲ್ಲೆಗೆ ಹೋಗಿ ಹೀಗೆ ನೋಡುವುದನ್ನು ಶುರು ಮಾಡಿತು. ಫೋಟೋ ಇಂಟರ್‌ನೆಟ್ಟಿನಲ್ಲಿ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಡಾಕ್ಟ್ರು ನೋಡುತ್ತಾರೆ. ಆಗುವುದಿಲ್ಲ ಅನ್ನುವಂತಿಲ್ಲ, ನಮ್ಮ ರಾಜ್ಯದಲ್ಲೇ ಆಗಿದೆ. ನಮ್ಮ ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಲಸಿಕೆ ತಾರೀಕಿನ ಪಕ್ಕ ‘30 ದಿನ, ಕಣ್ಣು’ ಅಂತ ಒಂದು ಕಾಲಂ ಹಾಕಿಸಿ, ಸಾಕು.

ಮಕ್ಕಳ ಮುಖದ ಮೇಲೆ ಕೆಂಪಗೆ ಉಬ್ಬಿ ಬೆಳೆಯುವ ಮಚ್ಚೆ ಇರುತ್ತದಲ್ಲ, ಅದೂ ರಕ್ತನಾಳದ್ದೇ ಗೆಡ್ಡೆ. ಹೆಚ್ಚಿನವು ತಾವಾಗಿ ಹೋಗುತ್ತವೆ. ಕಣ್ಣಿನ ಹತ್ತಿರವೋ ಉಸಿರಿನ ದಾರಿಯಲ್ಲೋ ಇದ್ದರೆ ಬಿಪಿಗೆ, ಹೃದಯಕ್ಕೆ ಕೊಡುವ ಹಳೆಯ ಪ್ರೊಪ್ರನಾಲೋಲ್ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಗೊತ್ತಾದದ್ದು 2008ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ, ಬೇರೆ ಕಾರಣಕ್ಕೆ ಕೊಟ್ಟಾಗ ಆಕಸ್ಮಿಕವಾಗಿ. ಕೊಡುವುದು ಡಾಕ್ಟ್ರ ಕಣ್ಣೆದುರು ಮಾತ್ರ, ಮನೆಯಲ್ಲಿ ಅಜ್ಜನ ಮಾತ್ರೆ ಮುರಿದು ಕೊಟ್ಟೀರಿ ಜೋಕೆ.

ಇಷ್ಟೆಲ್ಲ ಯಾಕೆ ಒಂದೇ ಪತ್ರದಲ್ಲಿ ತುರುಕಿದೆ ಅಂದರೆ, ಇವೆಲ್ಲ ನಾಳದ ಕಾಯಿಲೆಗಳು, ಆದರೆ ಆಸ್ಪತ್ರೆಯಲ್ಲಿ ಬೇರೆ ಬೇರೆ ಬಾಗಿಲಿಗೆ ಹಂಚಿಹೋಗಿವೆ. ಕಣ್ಣಿಗೆ, ಗೆಡ್ಡೆಗೆ, ಮಗುವಿಗೆ ಒಂದೊಂದು ಬಾಗಿಲಾದರೂ ಇದೆ. ಲಿಂಫ್ ಊತದವರಿಗೆ ಅದೂ ಇಲ್ಲ. ಸರ್ಜನ್ ‘ನನ್ನದು ಮುಗಿಯಿತು’ ಅನ್ನುತ್ತಾರೆ, ಚರ್ಮದವರು ಮುಲಾಮು ಬರೆಯುತ್ತಾರೆ, ಮೆಡಿಸಿನ್‌ನವರು ನೀರಿನ ಮಾತ್ರೆ. ಯಾರೂ ಕೆಟ್ಟವರಲ್ಲ, ಯಾರ ಕೆಲಸವೂ ಅಲ್ಲ ಅಷ್ಟೇ.

ಆದ್ದರಿಂದ ಎನ್‌ಸಿಡಿ ಕ್ಲಿನಿಕ್ ಇರುವ ದಿನವೇ ಪಕ್ಕದ ರೂಮಿನಲ್ಲಿ ಊತದವರನ್ನು ನೋಡಿ. ಶುಗರ್‌ನವರ ಪಾದವನ್ನೂ ಅಲ್ಲೇ ನೋಡಿ, ಕಣ್ಣಿನ ಫೋಟೋವನ್ನೂ ಅವತ್ತೇ ತೆಗೆಸಿ. ಹೆಬ್ರಿಯಿಂದಲೋ ಸುಳ್ಯದ ಒಳಗಿನಿಂದಲೋ ಬರುವವರಿಗೆ ಬಸ್ಸಿನ ಖರ್ಚು ಒಂದೇ ಸಲದ್ದಾಗುತ್ತದೆ, ಕೂಲಿ ಒಂದೇ ದಿನದ್ದು ಹೋಗುತ್ತದೆ. ಒಬ್ಬ ಫಿಸಿಯೋ, ಒಬ್ಬ ನರ್ಸ್, ಕಾಲು ತೊಳೆಯಲು ಒಂದು ನಲ್ಲಿ, ಟೇಪು, ಬ್ಯಾಂಡೇಜು. ಒತ್ತಡದ ತೋಳು ಮತ್ತು ಕಾಲುಚೀಲವನ್ನು ನನ್ನ ಬಳಿ ಬರುವವರು ಸ್ವಂತ ದುಡ್ಡಿನಲ್ಲೇ ತರುತ್ತಾರೆ. ಆರು ತಿಂಗಳಿಗೆ ಅದು ಸಡಿಲ ಆಗುತ್ತದೆ, ಮತ್ತೆ ಹೊಸದು ಬೇಕು, ಅಷ್ಟರಲ್ಲಿ ದುಡ್ಡಿಲ್ಲ ಅಂತ ಬಿಟ್ಟುಬಿಡುತ್ತಾರೆ. ಕ್ಯಾನ್ಸರ್ ಆಪರೇಷನ್ನಿನ ಪ್ಯಾಕೇಜಿನಲ್ಲೇ ಇದನ್ನೂ ಸೇರಿಸುವಂತೆ ನೀವು ಮೇಲಕ್ಕೆ ಬರೆಯಿರಿ. ಲಕ್ಷ ಖರ್ಚು ಮಾಡಿ ಜೀವ ಉಳಿಸಿದ ಮೇಲೆ ಕೈಗೆ ಒಂದು ತೋಳು ಕೊಡುವುದಕ್ಕೆ ಹಿಂದೆಮುಂದೆ ನೋಡಬಾರದು.

ಲಿಂಫ್ ನಾಳವನ್ನು ಸಣ್ಣ ರಕ್ತನಾಳಕ್ಕೆ ಜೋಡಿಸುವ ಸೂಕ್ಷ್ಮ ಆಪರೇಷನ್ ಈಗ ಬಂದಿದೆ, ಬೇರೆ ಕಡೆಯ ಲಿಂಫ್ ಗಂಟನ್ನು ತಂದು ಕೂರಿಸುವುದೂ ಬಂದಿದೆ, ನಾಳ ಬೆಳೆಸುವ ಪ್ರೋಟೀನು ಕೊಟ್ಟು ನೋಡುವ ಪ್ರಯೋಗಗಳೂ ನಡೆದಿವೆ. ಅವೆಲ್ಲ ಮುಂದೆ ನಮ್ಮಲ್ಲಿಗೂ ಬರಲಿ. ನಾನು ಈಗ ಕೇಳುತ್ತಿರುವುದು ಟೇಪು ಮತ್ತು ಟಬ್ಬು.

ಬ್ಯಾಂಡೇಜ್ ಕಟ್ಟುವುದು ಸುಮ್ಮನೆ ಸುತ್ತುವ ಕೆಲಸ ಅಲ್ಲ. ಪಾದದ ಕಡೆ ಬಿಗಿ ಜಾಸ್ತಿ ಇರಬೇಕು, ಮೇಲೆ ಹೋದಂತೆ ಕಡಿಮೆಯಾಗಬೇಕು, ಬೆರಳು ಬೆರಳಿಗೆ ಬೇರೆ ಕಟ್ಟಬೇಕು. ಕಾಲಿಗೆ ರಕ್ತ ಬರುವ ನಾಳವೇ ಕಟ್ಟಿಹೋಗಿರುವವರಿಗೆ ಕಟ್ಟಲೇಬಾರದು, ಮೊದಲು ನಾಡಿ ಮುಟ್ಟಿ ನೋಡಬೇಕು. ಇದನ್ನು ಕಲಿಸಲು ಹೆಚ್ಚೆಂದರೆ ಕೆಲವು ಮಧ್ಯಾಹ್ನ ಬೇಕಾಗಬಹುದು. ಗುರುವಾರ ಮಧ್ಯಾಹ್ನದ ಮೇಲೆ ನನ್ನ ಕ್ಲಿನಿಕ್‌ಗೆ ರಜೆ. ಎರಡೂ ಜಿಲ್ಲೆಯಲ್ಲಿ ನೀವು ಯಾವ ಆಸ್ಪತ್ರೆಗೆ ಹೇಳಿದರೂ ಬಂದು ನಿಮ್ಮ ನರ್ಸ್‌ಗಳಿಗೆ ಕಲಿಸುತ್ತೇನೆ. ಸಂಬಳ ಬೇಡ, ಕಲಿಸಲು ಬೇಕಾದ ಬ್ಯಾಂಡೇಜು ನಾನೇ ತರುತ್ತೇನೆ. ರೂಮು ಮತ್ತು ಬೋರ್ಡು ನಿಮ್ಮದು. ಮಳೆಗಾಲ ಶುರುವಾಗುವ ಮೊದಲು ಆದರೆ ಒಳ್ಳೆಯದು, ಆ ಕೆಂಪು ಜ್ವರದವರು ಬರಲು ಶುರು ಮಾಡುವುದು ಆಗಲೇ.

ಇಂತಿ,
ಉಡುಪಿಯ ಒಬ್ಬ ಫಿಸಿಯೋಥೆರಪಿಸ್ಟ್